ಮಕ್ಕಳಿರುವ ಮನೆಗೆ ಎಂಥ ಹುಂಜ?



ಹೋದ ತಿಂಗಳು ಒಂದು ಹಳ್ಳಿಯಲ್ಲಿ ರಾಗಿ ಹೊಲ ನೋಡಿ ಬಂದು ಜಗುಲಿಯ ಮೇಲೆ ಕುಳಿತಿದ್ದೆ. ಆ ಮನೆಯ ನಾಲ್ಕು ವರ್ಷದ ಹೆಣ್ಣುಮಗು ಅಂಗಳಕ್ಕೆ ಇಳಿಯಲೊಲ್ಲದು. ಅದರ ಎಡಗಣ್ಣಿನ ಕೆಳಗೇ ಗಾಯದ ಗುರುತು. ಮನೆಯ ಹುಂಜ ಹಾರಿ ಒದ್ದದ್ದಂತೆ. “ಹುಂಜ ಅಂದಮೇಲೆ ಮೈಮೇಲೆ ಬೀಳದೆ ಇರ್ತದಾ ಸ್ವಾಮಿ?” ಎಂದರು ಯಜಮಾನರು. ಇರುತ್ತದೆ. ಸಾಧು ಹುಂಜಗಳೂ ಬೇಕಾದಷ್ಟಿವೆ; ನೋಡಿ ಆರಿಸಿಕೊಳ್ಳಬೇಕು.

ಮೊದಲು ಒಂದು ಮಾತು. ನಿಮಗೆ ತಿನ್ನುವ ಮೊಟ್ಟೆಯಷ್ಟೇ ಸಾಕಾದರೆ ಹುಂಜ ಬೇಕಾಗಿಯೇ ಇಲ್ಲ. ಹುಂಜವಿಲ್ಲದೆಯೂ ಹೇಂಟೆ ಮೊಟ್ಟೆ ಇಡುತ್ತದೆ. ಆ ಮೊಟ್ಟೆ ಮರಿಯಾಗದು, ಅಷ್ಟೆ. ಮರಿ ಬೇಕೆಂದರೆ ೮–೧೦ ಹೇಂಟೆಗೆ ಒಂದು ಹುಂಜ ಸಾಕು.

ತಳಿಯ ಹೆಸರು ನೋಡಿ ಗುಣ ಹೇಳಲು ಬಾರದು. ಕಾಳಗಕ್ಕೆ ಹೆಸರಾದ ಅಸೀಲ್ ಹುಂಜ ಇನ್ನೊಂದು ಹುಂಜ ಕಂಡರೆ ಜೀವದ ಹಂಗಿಲ್ಲದೆ ಬೀಳುತ್ತದೆ. ಅದೇ ಹುಂಜ ಸಾಕಿದವರ ಕಂಕುಳಲ್ಲಿ ತಣ್ಣಗೆ ಕೂತಿರುವುದನ್ನೂ ನೀವು ಕಂಡಿರಬಹುದು. ಗಿರಿರಾಜದಂಥ ದಪ್ಪ ಹುಂಜ ಹೆಚ್ಚು ಎತ್ತರ ಹಾರಲಾರದು ನಿಜ, ಆದರೆ ಒದ್ದರೆ ಏಟು ಭಾರ. ಆದ್ದರಿಂದ ಆ ಒಂದು ಹುಂಜದ ನಡತೆಯನ್ನೇ ನೋಡಿ. ಅದರ ತಂದೆ ಹುಂಜ ಎಂಥದೆಂದೂ ವಿಚಾರಿಸಿ. ಮುಂಗೋಪ ವಂಶದಲ್ಲಿ ಹರಿದು ಬರುತ್ತದೆ.

ಎಳೆಯ ಹುಂಜವನ್ನು ನೋಡಿ ಮೋಸಹೋಗುವವರೇ ಹೆಚ್ಚು. ಮೂರು ತಿಂಗಳಲ್ಲಿ ಎಲ್ಲವೂ ಸಾಧುವೇ. ಆರು ತಿಂಗಳ ಸುಮಾರಿಗೆ ಪ್ರಾಯ ಬಂದಾಗ ನಿಜಗುಣ ಹೊರಬೀಳುತ್ತದೆ. ಒಂದೇ ಹುಂಜ ಉಳಿಸಿಕೊಳ್ಳುವ ಬದಲು ಮೂರು ನಾಲ್ಕನ್ನು ಅಲ್ಲಿಯವರೆಗೆ ಬೆಳೆಸಿ, ಒಳ್ಳೆಯದನ್ನು ಇಟ್ಟುಕೊಂಡು ಉಳಿದವನ್ನು ಮಾರಿ. ಕೊಳ್ಳುವುದಾದರೆ ವರ್ಷ ತುಂಬಿದ್ದನ್ನು, ಗುರುತಿನವರ ಮನೆಯ ಅಂಗಳದಲ್ಲೇ ನೋಡಿ ಕೊಳ್ಳಿ. ಸಂತೆಯಲ್ಲಿ ಕಾಲು ಕಟ್ಟಿ ಮಲಗಿಸಿದ ಹುಂಜ ಎಲ್ಲವೂ ಒಂದೇ!

ಅಂಗಳದಲ್ಲಿ ಏನು ನೋಡಬೇಕು? ಕಾಳು ಚೆಲ್ಲಿ. ಒಳ್ಳೆಯ ಹುಂಜ ಟುಕ್ ಟುಕ್ ಎಂದು ಹೇಂಟೆಗಳನ್ನು ಕರೆದು, ತಿನ್ನಲು ಬಿಟ್ಟು ನಿಲ್ಲುತ್ತದೆ. ನೀವು ಹತ್ತಿರ ನಡೆದರೆ ಗಾಬರಿಯಿಲ್ಲದೆ ದಾರಿ ಬಿಡುತ್ತದೆ. ಆಮೇಲೆ ಒಂದು ಹೇಂಟೆಯನ್ನು ಹಿಡಿಸಿ, ಅದು ಕೂಗಲಿ. ಆಗ ಹುಂಜ ಸದ್ದು ಮಾಡಿ ದೂರ ನಿಂತರೆ ಸರಿ. ಕತ್ತಿನ ಗರಿ ಕೆದರಿ, ಒಂದು ರೆಕ್ಕೆ ಇಳಿಬಿಟ್ಟು, ಓರೆಯಾಗಿ ಹೆಜ್ಜೆ ಹಾಕುತ್ತ ನಿಮ್ಮ ಕಡೆಗೇ ಬಂದರೆ ಆ ಹುಂಜ ಬೇಡ. ಬೆನ್ನು ತಿರುಗಿಸಿದಾಗ ಹಿಂದೆ ಬರುವುದಂತೂ ಬೇಡವೇ ಬೇಡ.

ಇನ್ನೊಂದು ಸಂಗತಿ, ಹಲವರು ನಂಬುವುದಿಲ್ಲ. ಮಕ್ಕಳು ಎತ್ತಿ ಮುದ್ದಾಡಿ ಬೆಳೆಸಿದ ಗಂಡು ಮರಿಯೇ ಮುಂದೆ ಮಕ್ಕಳ ಮೇಲೆ ಬೀಳುವುದುಂಟು. ಮನುಷ್ಯರ ಭಯವೇ ಇಲ್ಲದ ಅದು ಮಗುವನ್ನೂ ತನ್ನಂಥ ಇನ್ನೊಂದು ಹುಂಜವೆಂದು ಎಣಿಸುತ್ತದೆ. ಮಗು ಕುಳ್ಳು ನೋಡಿ, ಹಾರಿದ ಕಾಲಿನ ಮುಳ್ಳು ನೇರವಾಗಿ ಮುಖಕ್ಕೆ. ಗಂಡು ಮರಿಯನ್ನು ತಾಯಿಕೋಳಿಯೊಂದಿಗೆ ಬೆಳೆಯಲು ಬಿಡಿ. ಮಕ್ಕಳು ಹೇಂಟೆಗಳನ್ನು ಅಟ್ಟಿಸಿಕೊಂಡು ಓಡದಂತೆ, ಹುಂಜಕ್ಕೆ ಕೋಲು ತೋರಿಸಿ ಕೆಣಕದಂತೆ ನೋಡಿಕೊಳ್ಳಿ. ಎಷ್ಟೇ ಸಾಧು ಹುಂಜವಾದರೂ ತೀರ ಚಿಕ್ಕ ಮಗುವನ್ನು ಅದರ ಜೊತೆ ಒಂಟಿಯಾಗಿ ಬಿಡಬಾರದು.

ಹೊಸ ಹುಂಜವನ್ನು ಎರಡು ಮೂರು ವಾರ ಬೇರೆ ಇಟ್ಟು ನೋಡಿ. ಕೊಕ್ಕರೆ ರೋಗಕ್ಕೆ ಲಸಿಕೆ ಹಾಕಿಸಿದ್ದಾರೆಯೇ ಎಂದು ಕೇಳಿ. ಮುಳ್ಳು ಉದ್ದವಾದರೆ ತುದಿಯನ್ನಷ್ಟೇ ಅರದಿಂದ ಉಜ್ಜಿ ಮೊಂಡಾಗಿಸಿ. ಬುಡದಲ್ಲಿ ಜೀವವಿದೆ, ಕತ್ತರಿಸಿದರೆ ರಕ್ತ ಬರುತ್ತದೆ.

ಅಕಸ್ಮಾತ್ ಒದ್ದು ಗಾಯವಾದರೆ ಅರಿಶಿನ ಮೆತ್ತಿ ಸುಮ್ಮನಾಗಬೇಡಿ. ಸಾಬೂನು ಹಾಕಿ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದು, ಆಸ್ಪತ್ರೆಗೆ ಹೋಗಿ ಧನುರ್ವಾಯುವಿನ ಚುಚ್ಚುಮದ್ದು ಬೇಕೇ ಎಂದು ಕೇಳಿ. ಕಣ್ಣಿಗೇ ತಗುಲಿದ್ದರೆ ಉಜ್ಜದೆ, ಏನನ್ನೂ ಹಾಕದೆ, ಕೂಡಲೇ ವೈದ್ಯರಲ್ಲಿಗೆ ಒಯ್ಯಿರಿ.

ಆ ಮನೆಯವರು ಹಳೆಯ ಹುಂಜವನ್ನು ಮಾರಿದರು. ಈಗ ನೆರೆಮನೆಯ ಎರಡು ವರ್ಷದ ಕೆಂಪು ಹುಂಜ ತಂದಿದ್ದಾರೆ. ಮೊನ್ನೆ ಹೋದಾಗ ಮಗು ಅಜ್ಜಿಯ ಸೆರಗು ಹಿಡಿದು ಅಂಗಳದಲ್ಲಿ ನಿಂತಿತ್ತು.