ಮೈಕಿನ ತಂತಿಯೂ ಮಾತಿನ ಶುದ್ಧಿಯೂ

ಬಾನುಲಿಯ ಮುಂದೆ ಕುಳಿತು ಭಾಷಣವನ್ನೋ ಗಮಕವಾಚನವನ್ನೋ ಆಲಿಸುವಾಗ ನಾವು ಹೊಗಳುವುದು ಕಂಠವನ್ನು, ತೆಗಳುವುದು ಪೆಟ್ಟಿಗೆಯನ್ನು. ಮಾತನಾಡಿದವರ ಬಾಯಿಗೂ ಮುದ್ರಣಯಂತ್ರಕ್ಕೂ ನಡುವೆ, ನೆಲದ ಮೇಲೆ ಹಾವಿನಂತೆ ಬಿದ್ದಿರುವ ತಂತಿಯೊಂದುಂಟೆಂಬುದು ನಮ್ಮ ನೆನಪಿಗೇ ಬಾರದು. ನನಗೂ ಬಂದಿರಲಿಲ್ಲ. ಅದನ್ನು ಕಲಿಸಿದವರು ದೊಡ್ಡಬಳ್ಳಾಪುರದ ಒಬ್ಬ ಅಜ್ಜಿ.

ಮಗ್ಗದ ಕೇರಿಯಲ್ಲಿದ್ದ ಆ ಅಜ್ಜಿಗೆ ಎಂಬತ್ತು ದಾಟಿತ್ತು. ಮದುವೆಯ ಒಂದೊಂದು ಶಾಸ್ತ್ರಕ್ಕೂ ಒಂದೊಂದು ಸೋಬಾನೆ ಪದ ಅವರ ನಾಲಗೆಯ ಮೇಲಿತ್ತು. ಅವನ್ನು ಮುದ್ರಿಸಿಕೊಳ್ಳೋಣವೆಂದು ಮಕ್ಕಳೊಡನೆ ಹೊರಟೆ. ನೆರೆಯವರು ಔದಾರ್ಯದಿಂದ ತಮ್ಮ ವಿದ್ಯುತ್ ಮಗ್ಗಗಳನ್ನು ಎರಡು ಗಂಟೆ ನಿಲ್ಲಿಸಿದರು. ಸಭೆ ಸಮಾರಂಭಗಳ ಹಳೆಯ ಮೈಕು, ಅದಕ್ಕೆ ಹತ್ತು ಮೀಟರು ಅಗ್ಗದ ತಂತಿ, ಇಷ್ಟು ನಮ್ಮ ಸಾಮಗ್ರಿ. ಮನೆಗೆ ಬಂದು ಕೇಳಿದರೆ ಹಾಡಿನ ಉದ್ದಕ್ಕೂ ದುಂಬಿ ಹೊಕ್ಕಂತೆ ‘ಗುಂಯ್’ ಎಂಬ ಸದ್ದು; ಸಾಲದ್ದಕ್ಕೆ ‘ಸೋಬಾನೆ’ಯು ‘ಹೋಬಾನೆ’ಯಂತೆ ಕೇಳುತ್ತಿತ್ತು. ಪಕಾರವು ಹಕಾರವಾಗಿ ‘ಪಾಲು’ ‘ಹಾಲು’ ಆದ ಬಗೆಯನ್ನು ವರ್ಷ ವರ್ಷವೂ ಪಾಠ ಹೇಳಿದವನು ನಾನು. ಸಕಾರವನ್ನು ಹಕಾರ ಮಾಡುವ ಶಕ್ತಿ ತಂತಿಗೂ ಉಂಟೆಂದು ಅಂದೇ ತಿಳಿದದ್ದು!

ಧ್ವನಿವರ್ಧಕದ ಕೆಲಸ ಬಲ್ಲ ಹಳೆಯ ಶಿಷ್ಯನೊಬ್ಬ ನೋಡಿ, “ಮೇಷ್ಟ್ರೇ, ಅಜ್ಜಿಯ ಹಲ್ಲಿನದೂ ತಪ್ಪಲ್ಲ, ಮುದ್ರಣಯಂತ್ರದ್ದೂ ತಪ್ಪಲ್ಲ. ತಪ್ಪೆಲ್ಲ ಈ ತಂತಿಯದು” ಎಂದ. ಅವನು ವಿವರಿಸಿದ್ದನ್ನು ಇಲ್ಲಿ ನನ್ನ ಮಾತಿನಲ್ಲಿ ಹೇಳುತ್ತೇನೆ.

ಮೈಕು ನಮ್ಮ ದನಿಯ ಅಲೆಗಳನ್ನು ವಿದ್ಯುತ್ತಿನ ಅಲೆಗಳನ್ನಾಗಿ ಮಾಡುತ್ತದೆ. ಆ ವಿದ್ಯುತ್ತು ಅತ್ಯಲ್ಪ. ಸಾಮಾನ್ಯ ಮಾತಿಗೆ ಒಂದು ವೋಲ್ಟಿನ ಸಾವಿರದಲ್ಲೊಂದು ಪಾಲಿನ ಆಸುಪಾಸು. ಗೋಡೆಯೊಳಗೆ ಹರಿಯುವ ಮನೆಯ ವಿದ್ಯುತ್ತಾದರೋ ೨೩೦ ವೋಲ್ಟು, ಎಂದರೆ ಎರಡು ಲಕ್ಷ ಪಾಲಿಗೂ ಮಿಗಿಲು. ಅದು ಸೆಕೆಂಡಿಗೆ ೫೦ ಆವರ್ತದಂತೆ ಮಿಡಿಯುತ್ತಿರುತ್ತದೆ. ಮಗ್ಗ ನಿಂತರೂ ಗೋಡೆಯ ತಂತಿಯಲ್ಲಿ ಆ ಮಿಡಿತ ನಿಲ್ಲದು. ಪಕ್ಕದಲ್ಲಿ ಹಾಯ್ದ ಮೈಕಿನ ತಂತಿಗೆ ಅದರ ಸೋಂಕು ತಗಲುತ್ತದೆ. ಮುಂದೆ ಯಂತ್ರವು ದನಿಯನ್ನು ಹಿಗ್ಗಿಸುವಾಗ ಸೋಂಕನ್ನೂ ಅಷ್ಟೇ ಹಿಗ್ಗಿಸುತ್ತದೆ. ನಾವು ಕೇಳಿದ ‘ಗುಂಯ್’ ಇದೇ.

ಇದಕ್ಕೆ ಎರಡು ಪರಿಹಾರಗಳುಂಟು. ಮೊದಲನೆಯದು, ತಂತಿಯ ಮೈಸುತ್ತ ಒತ್ತಾಗಿ ಹೆಣೆದ ತಾಮ್ರದ ಜಾಲರಿಯ ಕವಚ. ಅಗ್ಗದ ತಂತಿಯಲ್ಲಿ ಈ ಹೆಣಿಗೆ ತೀರ ವಿರಳ. ಎರಡನೆಯದು, ಒಳಗೆ ಒಂದರ ಬದಲು ಎರಡು ತಂತಿಗಳನ್ನು ಹುರಿಗೊಳಿಸುವುದು. ದೂರವಾಣಿಯ ಗ್ರಹಾಂ ಬೆಲ್ ೧೮೮೧ರಲ್ಲಿಯೇ ಇಂಥ ಉಪಾಯಕ್ಕೆ ಪೇಟೆಂಟು ಪಡೆದಿದ್ದರು. ದನಿಯು ಎರಡು ತಂತಿಗಳಲ್ಲಿ ಒಂದಕ್ಕೊಂದು ವಿರುದ್ಧವಾಗಿ ನಡೆಯುತ್ತದೆ. ಹೊರಗಿನ ಸೋಂಕು ಎರಡಕ್ಕೂ ಬಹುಮಟ್ಟಿಗೆ ಸಮವಾಗಿ ತಗಲುತ್ತದೆ. ತಕ್ಕಡಿಯ ಎರಡು ತಟ್ಟೆಗಳಲ್ಲಿಯೂ ಸಮತೂಕ ಇಟ್ಟರೆ ಮುಳ್ಳು ಅಲುಗುವುದುಂಟೆ? ಯಂತ್ರವು ಎರಡು ತಂತಿಗಳ ವ್ಯತ್ಯಾಸವನ್ನು ಮಾತ್ರ ಸ್ವೀಕರಿಸುವುದರಿಂದ ಸೋಂಕು ಕಳೆದು ದನಿ ಉಳಿಯುತ್ತದೆ.

ಇನ್ನು ಸಕಾರದ ಸಂಗತಿ. ಕವಚಕ್ಕೂ ಒಳತಂತಿಗೂ ನಡುವಣ ಹೊದಿಕೆಯು ವಿದ್ಯುತ್ತನ್ನು ಅಷ್ಟಿಷ್ಟು ಹಿಡಿದಿಡುವ ಸಣ್ಣ ಕಣಜವಿದ್ದಂತೆ. ಮೀಟರಿಗೆ ಸುಮಾರು ನೂರು ಪಿಕೋಫ್ಯಾರಡ್ ಎನ್ನುತ್ತಾರೆ ಬಲ್ಲವರು. ಐವತ್ತು ಸಾವಿರ ಓಮ್ ಪ್ರತಿರೋಧವುಳ್ಳ ಹಳೆಯ ಬಗೆಯ ಮೈಕಿಗೆ ಇಂಥ ಹತ್ತು ಮೀಟರು ತಂತಿ ಕಟ್ಟಿದರೆ, ಸುಮಾರು ೩,೦೦೦ ಆವರ್ತಕ್ಕೆ ಮೇಲಿನ ನಾದವೆಲ್ಲ ಕುಗ್ಗತೊಡಗುತ್ತದೆ. ವೈಯಾಕರಣರು ಊಷ್ಮಗಳೆಂದು ಕರೆದ ಶ, ಷ, ಸಗಳ ಸೀತ್ಕಾರದ ಬಲವೆಲ್ಲ ಇರುವುದು ಆ ಎತ್ತರದಲ್ಲಿಯೇ. ಸ್ವರಗಳು ಉಳಿದವು, ಊಷ್ಮಗಳು ಮಂಕಾದವು. ಇನ್ನೂರು ಓಮಿನ ಮೈಕಾದರೆ ಅಷ್ಟೇ ಉದ್ದದ ತಂತಿಯಿಂದ ಕಿವಿಗೆ ತಿಳಿಯುವ ನಷ್ಟವಿಲ್ಲ.

೧೯೩೫ರಲ್ಲಿ ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. ೧೯೫೫ರಲ್ಲಿ ಬೆಂಗಳೂರು ಕೇಂದ್ರ ತೆರೆಯಿತು. ಅಂದಿನಿಂದ ಯಂತ್ರಗಳು ಎಷ್ಟೋ ಬದಲಾದವು. ಇಂದು ದನಿಯನ್ನು ಅಂಕಿಗಳಾಗಿ ಬರೆದಿಡುತ್ತಾರೆ. ಆದರೆ ಅಂಕಿಯಾಗುವ ಮುನ್ನ ತಂತಿಯಲ್ಲಿ ಸೇರಿದ ಕೊಳೆಯೂ ಅಂಕಿಯಾಗಿಯೇ ಉಳಿಯುತ್ತದೆ. ಆಮೇಲೆ ಸೋಸುವ ಉಪಾಯಗಳುಂಟು. ಅತಿಯಾಗಿ ಸೋಸಿದರೆ ದನಿಯ ಸಾರವೂ ಹೋಗುತ್ತದೆ.

ಹಾಗೆಂದು ಬೆಲೆ ಹೆಚ್ಚಾದಷ್ಟೂ ಕಂಠ ಇಂಪಾಗುವುದೆಂದು ಭ್ರಮಿಸಬಾರದು. ತಂತಿ ದನಿಗೆ ಏನನ್ನೂ ಕೂಡಿಸದು. ಒಳ್ಳೆಯದಾದರೆ ಕೆಡಿಸದು, ಅಷ್ಟೆ. ಒತ್ತಾದ ಕವಚ, ಒಳಗೆ ಜೋಡಿ ತಂತಿ, ತುದಿಗಳಲ್ಲಿ ಗಟ್ಟಿ ಬೆಸುಗೆ, ಇಷ್ಟಿದ್ದರೆ ಸಾಕು. ವಿದ್ಯುತ್ತಿನ ತಂತಿಯ ಪಕ್ಕದಲ್ಲಿ ಅದನ್ನು ಹಾಯಿಸಬೇಡಿ. ದಾಟಲೇಬೇಕಾದರೆ ಅಡ್ಡಲಾಗಿ ದಾಟಿಸಿ. ತಂತಿಯನ್ನು ಮಡಿಚಿ ಮುರಿಯಬೇಡಿ, ಸಡಿಲವಾಗಿ ಸುತ್ತಿಡಿ. ಮುದ್ರಣಕ್ಕೆ ಮುನ್ನ ಎಲ್ಲರನ್ನೂ ಸುಮ್ಮನಿರಿಸಿ, ಒಂದು ನಿಮಿಷದ ಮೌನವನ್ನು ಮುದ್ರಿಸಿ ಕೇಳಿ. ಮೌನ ಶುದ್ಧವಾಗಿದ್ದರೆ ಮಾತಿಗೆ ಭಯವಿಲ್ಲ.

ಶಿಷ್ಯನು ಕೊಟ್ಟ ಮೈಕು, ತಂತಿಗಳೊಡನೆ ಮತ್ತೆ ಅಜ್ಜಿಯ ಮನೆಗೆ ಹೋದೆವು. ಆಯಾಸದಲ್ಲಿಯೂ ಅವರು ಏಳು ಪದ ಹಾಡಿದರು. “ಮಿಕ್ಕದ್ದು ಇನ್ನೊಂದು ದಿನ, ಬನ್ರಪ್ಪಾ” ಎಂದರು. ಆ ಇನ್ನೊಂದು ದಿನ ಬರಲಿಲ್ಲ. ಏಳು ಪದಗಳಲ್ಲಿ ಸೋಬಾನೆ ಸೋಬಾನೆಯಾಗಿಯೇ ಕೇಳುತ್ತದೆ. ಉಳಿದವು ಆ ಗುಂಯ್‌ಕಾರದ ಹಿಂದೆಯೇ ಉಳಿದಿವೆ. ನಿಮ್ಮ ಮನೆಯಲ್ಲಿಯೂ ಹಾಡಬಲ್ಲ ಹಿರಿಯರಿದ್ದರೆ, ಅವರನ್ನು ಕೂರಿಸುವ ಮೊದಲು ತಂತಿಯನ್ನೊಮ್ಮೆ ನೋಡಿಕೊಳ್ಳಿ.