ಕಾವಲೂರಿಗೆ ಸಿಕ್ಕ ಯುರೇನಸ್ಸಿನ ಉಂಗುರ

ಕೆಜಿಎಫ್‌ನಿಂದ ಆಗ್ನೇಯಕ್ಕೆ ನೇರ ಗೆರೆ ಎಳೆದರೆ ನೂರು ಕಿಲೋಮೀಟರಿನ ಒಳಗೇ ಜವ್ವಾದಿ ಬೆಟ್ಟಗಳ ಕಾವಲೂರು ಸಿಗುತ್ತದೆ. ಊರು ತಮಿಳುನಾಡಿನದು. ಅಲ್ಲಿನ ವೀಕ್ಷಣಾಲಯವನ್ನು ನಡೆಸುವುದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಕೋಲಾರ, ಮಾಲೂರು, ಶ್ರೀನಿವಾಸಪುರದ ಮಕ್ಕಳು ಗ್ರಹಗಳ ಪಾಠ ಓದುವಾಗ ಈ ನೆರೆಯೂರಿನ ಹೆಸರನ್ನೂ ಕೇಳಬೇಕು ಎಂಬುದು ನನ್ನ ಆಸೆ. ಯುರೇನಸ್ಸಿಗೆ ಉಂಗುರಗಳಿವೆ ಎಂದು ಜಗತ್ತಿಗೆ ಗೊತ್ತಾದ ರಾತ್ರಿ ಕಾವಲೂರು ಎಚ್ಚರವಾಗಿತ್ತು.

1977ರ ಮಾರ್ಚ್ 10ರ ರಾತ್ರಿ ಯುರೇನಸ್ ಒಂದು ಮಸುಕು ನಕ್ಷತ್ರದ ಮುಂದೆ ಹಾದುಹೋಗಲಿತ್ತು. ನಮ್ಮ ಗಡಿಯಾರದಲ್ಲಿ ಆಗಲೇ ನಡುರಾತ್ರಿ ದಾಟಿತ್ತು. ಜೆ.ಸಿ. ಭಟ್ಟಾಚಾರ್ಯ ಮತ್ತು ಕೆ. ಕುಪ್ಪುಸ್ವಾಮಿ ಒಂದು ಮೀಟರ್ ದೂರದರ್ಶಕಕ್ಕೆ ಬೆಳಕು ಅಳೆಯುವ ಉಪಕರಣ ಜೋಡಿಸಿ ಕಾದಿದ್ದರು. ಗ್ರಹ ಇನ್ನೂ ಪಕ್ಕದಲ್ಲಿರುವಾಗಲೇ ನಕ್ಷತ್ರದ ಬೆಳಕು ಕೆಲವೇ ಸೆಕೆಂಡು ಕುಸಿದು ಮತ್ತೆ ಏರಿತು. ರಾತ್ರಿ ಬಸ್ಸಿನಲ್ಲಿ ಹೋಗುವಾಗ ದೂರದ ತೋಟದ ದೀಪ ರಸ್ತೆಬದಿಯ ಕಂಬದ ಹಿಂದೆ ಒಂದು ಕ್ಷಣ ಮರೆಯಾಗುವುದಿಲ್ಲವೇ, ಹಾಗೆ. ನಡುವೆ ಏನೋ ಇದೆ ಎಂಬುದು ಖಚಿತವಾಯಿತು, ಅದೇನೆಂಬುದು ಮಾತ್ರ ಸ್ಪಷ್ಟವಾಗಲಿಲ್ಲ. ಹೊಸ ಉಪಗ್ರಹವಿರಬೇಕೆಂದು ಇಬ್ಬರೂ 'ನೇಚರ್' ಪತ್ರಿಕೆಗೆ ಬರೆದರು.

ಅದೇ ಹೊತ್ತಿಗೆ ಹಿಂದೂ ಮಹಾಸಾಗರದ ಮೇಲೆ ಅಮೆರಿಕದ ಜೇಮ್ಸ್ ಎಲಿಯಟ್ ತಂಡ ದೂರದರ್ಶಕ ಹೊತ್ತ ವಿಮಾನದಲ್ಲಿ ಹಾರುತ್ತಿತ್ತು. ಅವರಿಗೆ ಗ್ರಹದ ಒಂದು ಮಗ್ಗುಲಲ್ಲಿ ಐದು ಕುಸಿತಗಳು ಕಂಡವು, ಇನ್ನೊಂದು ಮಗ್ಗುಲಲ್ಲೂ ಅವಕ್ಕೆ ಜೊತೆಯಾಗುವಂಥವೇ ಕಂಡವು. ಉಪಗ್ರಹವೊಂದು ಹೀಗೆ ಎರಡೂ ಕಡೆ ಸರಿಸಮನಾಗಿ ಅಡ್ಡ ಬರಲಾರದು, ಉಂಗುರವಾದರೆ ಬರಬಲ್ಲದು. ಅದೇ ವರ್ಷ ಭಟ್ಟಾಚಾರ್ಯ ಮತ್ತು ಸಂಸ್ಥೆಯ ನಿರ್ದೇಶಕ ವೇಣು ಬಾಪು ಸೇರಿ ಶನಿಯಂಥ ಉಂಗುರವ್ಯೂಹದ ಬಗ್ಗೆ ಬರೆದರು. ಆ ರಾತ್ರಿ ಕಂಡ, ಇದ್ದಲಿನಷ್ಟು ಕಪ್ಪಾದ ಈ ಉಂಗುರಗಳಲ್ಲಿ ಅತಿ ಅಗಲವಾದದ್ದೂ ನೂರು ಕಿಲೋಮೀಟರ್ ಮುಟ್ಟುವುದಿಲ್ಲ. 250 ಕೋಟಿ ಕಿಲೋಮೀಟರಿಗೂ ಆಚೆ ಇರುವ ಅಂಥ ಎಳೆ ಕಾವಲೂರಿನ ಬೆಟ್ಟದಿಂದ ಸಿಕ್ಕಿಬಿದ್ದದ್ದು ನನಗೆ ಇಂದಿಗೂ ರೋಮಾಂಚನ ತರುವ ಸಂಗತಿ. ಈಗ ಯುರೇನಸ್ಸಿನ 13 ಉಂಗುರಗಳು ಗೊತ್ತಿವೆ.

ಗ್ರಹವನ್ನೇ ಪತ್ತೆಹಚ್ಚಿದವರು ವಿಲಿಯಂ ಹರ್ಷೆಲ್, 1781ರ ಮಾರ್ಚ್ 13ರಂದು. ಮೊದಲು ಅವರೂ ಅದನ್ನು ಧೂಮಕೇತುವೆಂದೇ ಎಣಿಸಿದ್ದರು. ಆಮೇಲೆ ಅದರ ನಡೆ ಲೆಕ್ಕಕ್ಕೆ ಹೊಂದದೆ ಹೋಯಿತು. ಆಚೆಗಿರುವ ಇನ್ನೊಂದು ಗ್ರಹ ಎಳೆಯುತ್ತಿರಬೇಕೆಂದು ಲೆವೆರಿಯೆ ಗಣಿತದಿಂದ ಜಾಗ ಸೂಚಿಸಿದರು. 1846ರ ಸೆಪ್ಟೆಂಬರ್ 23ರ ರಾತ್ರಿ ಬರ್ಲಿನ್ನಿನಲ್ಲಿ ಗಾಲೆ ಆ ಜಾಗದಿಂದ ಒಂದು ಡಿಗ್ರಿಯೊಳಗೇ ನೆಪ್ಚೂನನ್ನು ಕಂಡರು.

ಇವೆರಡನ್ನೂ ಹಿಮದೈತ್ಯಗಳೆಂದು ಕರೆದರೂ ಒಳಗೆ ಗಟ್ಟಿ ಮಂಜುಗಡ್ಡೆಯಿಲ್ಲ. ಜಲಜನಕ, ಹೀಲಿಯಂ, ಮೀಥೇನ್ ತುಂಬಿದ ವಾತಾವರಣದ ಕೆಳಗೆ ನೀರು, ಅಮೋನಿಯಾ, ಮೀಥೇನ್ ಸಾವಿರಾರು ಡಿಗ್ರಿ ಶಾಖದಲ್ಲಿ ಒತ್ತಿಕೊಂಡು ದಟ್ಟ ದ್ರವವಾಗಿವೆ ಎಂಬುದು ವಿಜ್ಞಾನಿಗಳ ಅಂದಾಜು. ನಮ್ಮ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರ್ ಇಳಿಯುವಷ್ಟರಲ್ಲೇ ಬಂಡೆ 60 ಡಿಗ್ರಿ ದಾಟಿ ಸುಡುತ್ತಿತ್ತು. ಯುರೇನಸ್ಸಿನ ಕೇಂದ್ರಕ್ಕೆ 25,000 ಕಿಲೋಮೀಟರ್ ಇಳಿಯಬೇಕು. ಇಷ್ಟಾದರೂ ಮೇಲಿನ ವಾತಾವರಣ ಶೂನ್ಯಕ್ಕಿಂತ 224 ಡಿಗ್ರಿ ಕೆಳಗಿನವರೆಗೂ ತಣ್ಣಗಾಗುತ್ತದೆ.

ಯುರೇನಸ್ಸಿನ ಅಕ್ಷ ಸುಮಾರು 98 ಡಿಗ್ರಿ ವಾಲಿದೆ, ಅಂದರೆ ಅದು ಮಲಗಿಯೇ ಸುತ್ತುತ್ತದೆ. 84 ವರ್ಷಗಳ ಪರಿಕ್ರಮಣದಲ್ಲಿ ಒಂದೊಂದು ಧ್ರುವಕ್ಕೂ 42 ವರ್ಷ ಹಗಲು, 42 ವರ್ಷ ಇರುಳು. ಸೂರ್ಯನಿಂದ ಇನ್ನೂ ದೂರವಿರುವ ನೆಪ್ಚೂನ್ ತಾನು ಪಡೆಯುವುದರ ಎರಡೂವರೆ ಪಟ್ಟು ಶಾಖವನ್ನು ಹೊರಬಿಡುತ್ತದೆ, ಅಲ್ಲಿ ಗಂಟೆಗೆ 2,000 ಕಿಲೋಮೀಟರ್ ವೇಗದ ಗಾಳಿ ಬೀಸುತ್ತದೆ. ಯುರೇನಸ್ಸಿನಿಂದ ಹೊರಬರುವ ಒಳಶಾಖ ತೀರಾ ಕಡಿಮೆ. ಗಾತ್ರದಲ್ಲಿ ಅವಳಿಗಳಂತಿರುವ ಇವು ಇಷ್ಟು ಬೇರೆಯಾದದ್ದೇಕೆ? ಅಲ್ಲಿಗೆ ಹೋಗಿ ನೋಡಿದ್ದು ವಾಯೇಜರ್-2 ಒಂದೇ. 1986ರ ಜನವರಿಯಲ್ಲಿ ಯುರೇನಸ್ ಪಕ್ಕ, 1989ರ ಆಗಸ್ಟಿನಲ್ಲಿ ನೆಪ್ಚೂನ್ ಪಕ್ಕ ಹಾದುಹೋಯಿತು, ನಿಲ್ಲಲಿಲ್ಲ. ಯುರೇನಸ್ಸನ್ನು ಸುತ್ತುವ ನೌಕೆಗೆ ಮೊದಲ ಆದ್ಯತೆ ಕೊಡಬೇಕೆಂದು 2022ರಲ್ಲಿ ಅಮೆರಿಕದ ವಿಜ್ಞಾನಿಗಳ ಸಮಿತಿ ಶಿಫಾರಸು ಮಾಡಿದೆ. ನೌಕೆ ಹೊರಡುವವರೆಗೆ ಕಾವಲೂರಿನ ಹಳೆಯ ಉಪಾಯವೇ ಕೆಲಸ ಮಾಡುತ್ತಿದೆ: 2025ರ ಏಪ್ರಿಲ್‌ನಲ್ಲೂ ಯುರೇನಸ್ ನಕ್ಷತ್ರವೊಂದನ್ನು ಮರೆಮಾಡಿದಾಗ ಉತ್ತರ ಅಮೆರಿಕದ ದೂರದರ್ಶಕಗಳು ಆ ಬೆಳಕು ಕುಂದುವುದನ್ನು ಅಳೆದು ಗ್ರಹದ ವಾತಾವರಣದ ಉಷ್ಣತೆಯನ್ನು ತಿಳಿಯಲು ದತ್ತಾಂಶ ಕಲೆಹಾಕಿದವು.