ತಿರುವು ಸೂಚಿಸುವ ದೀಪ ಸದಾ ಉರಿಯಬಹುದೇ?

ವಾಹನದ ದೀಪಗಳಿಗೆ ಮೂರು ಬಗೆಯ ಕೆಲಸಗಳಿವೆ. ಮೊದಲನೆಯದು, ಓಡಿಸುವವನಿಗೆ ದಾರಿ ತೋರಿಸುವುದು. ಎರಡನೆಯದು, ಅವನನ್ನು ಇತರರಿಗೆ ತೋರಿಸುವುದು. ಮೂರನೆಯದು, ಅವನು ಮುಂದೆ ಏನು ಮಾಡಲಿದ್ದಾನೆ ಎಂಬುದನ್ನು ಹೇಳುವುದು. ಬೈಕಿನಲ್ಲಿ ಮುಂದಿನ ದೊಡ್ಡ ದೀಪ ಮೊದಲನೆಯ ಕೆಲಸವನ್ನೂ, ಹಿಂದಿನ ಕೆಂಪು ದೀಪ ಎರಡನೆಯದನ್ನೂ, ಎಡಬಲಗಳಲ್ಲಿರುವ ಹಳದಿ ಇಂಡಿಕೇಟರುಗಳು ಮೂರನೆಯದನ್ನೂ ಮುಖ್ಯವಾಗಿ ಮಾಡುತ್ತವೆ. ಇಂಡಿಕೇಟರನ್ನೇ ಸದಾ ಮಂದವಾಗಿ ಉರಿಯುವಂತೆ ಮಾಡಿ, ಎರಡನೆಯ ಕೆಲಸವನ್ನೂ ಅದಕ್ಕೆ ಒಪ್ಪಿಸಬಹುದೇ? ಬೈಕಿನ ಹುಚ್ಚಿರುವ ನಮ್ಮ ಹುಡುಗರು ಆಗಾಗ ಕೇಳುವ ಪ್ರಶ್ನೆ ಇದು.

ಕನ್ನಡ ಪಾಠ ಹೇಳುವವರಿಗೆ ವಯರು ಬಲ್ಬುಗಳ ಗೊಡವೆ ಏಕೆಂದು ಕೆಲವರಿಗೆ ಅನಿಸಬಹುದು. ಆದರೆ ಇಂಡಿಕೇಟರು ಎಂಬುದೂ ಒಂದು ಭಾಷೆ. ನಮ್ಮ ಕಾಸರಗೋಡಿನ ಹೆದ್ದಾರಿಯಲ್ಲಿ ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ ಮಾತಾಡುವವರೆಲ್ಲ ಸಾಗುತ್ತಾರೆ. ದೂರದ ಪಂಜಾಬಿನಿಂದ ಬಂದ ಲಾರಿಯವನಿಗೆ ನಮ್ಮ ನಾಮಫಲಕದ ಒಂದಕ್ಷರವೂ ಓದಲು ಬಾರದಿರಬಹುದು. ಆದರೆ ಎಡಬದಿಯ ಹಳದಿ ದೀಪ ಮಿನುಗಿದರೆ ಅದರ ಅರ್ಥ ಅವನಿಗೂ ತಿಳಿಯುತ್ತದೆ. ಎಲ್ಲರಿಗೂ ಒಂದೇ ಅರ್ಥ ಕೊಡುವ ಇಂತಹ ಭಾಷೆಯನ್ನು ತಿದ್ದುವ ಮೊದಲು ಅದರ ವ್ಯಾಕರಣ ತಿಳಿದಿರಬೇಕು.

ಮೊದಲು, ಈ ಆಸೆಯಲ್ಲಿರುವ ಹುರುಳನ್ನು ನೋಡೋಣ. ಮಳೆಗಾಲದ ಸಂಜೆ ಎದುರಿನಿಂದ ಒಂದೇ ಒಂದು ದೀಪ ಬರುತ್ತಿದೆ ಎಂದಿಟ್ಟುಕೊಳ್ಳಿ. ಅದು ಬೈಕೋ, ಒಂದು ದೀಪ ಕೆಟ್ಟ ಲಾರಿಯೋ? ಹತ್ತಿರವಿದೆಯೋ, ದೂರವಿದೆಯೋ? ಹೇಳುವುದು ಕಷ್ಟ. ಎರಡು ದೀಪಗಳಿದ್ದರೆ ಅವುಗಳ ನಡುವಿನ ಅಂತರ ಹಿಗ್ಗುತ್ತ ಬರುವುದನ್ನು ಕಂಡು, ವಾಹನ ಹತ್ತಿರವಾಗುತ್ತಿದೆ ಎಂದು ಕಣ್ಣು ಲೆಕ್ಕ ಹಾಕುತ್ತದೆ. ಬೈಕಿನ ಎರಡು ಇಂಡಿಕೇಟರುಗಳು ಹ್ಯಾಂಡಲಿನ ಎರಡು ಬದಿಗಳಲ್ಲಿ ಚಾಚಿಕೊಂಡಿರುವುದರಿಂದ ಅವು ಮಂದವಾಗಿ ಉರಿದರೂ ಬೈಕಿಗೆ ಒಂದು ಅಗಲ ಬರುತ್ತದೆ. ಅಮೆರಿಕದಲ್ಲಿ ಮಾರುವ ಅನೇಕ ಬೈಕುಗಳ ಮುಂದಿನ ಇಂಡಿಕೇಟರುಗಳನ್ನು ಕಾರ್ಖಾನೆಯಲ್ಲೇ ಹೀಗೆ ಮಾಡಿರುತ್ತಾರೆ. ಅಲ್ಲಿ ಈ ಸೌಲಭ್ಯವಿಲ್ಲದ ಬೈಕುಗಳ ಮಾಲೀಕರು ತಾವೇ ಅದನ್ನು ಜೋಡಿಸಿಕೊಳ್ಳುವುದೂ ಉಂಟು.

ಇನ್ನು ಅದರ ಯಂತ್ರಮರ್ಮ. ಇಂಡಿಕೇಟರಿನ ಸ್ವಿಚ್ಚನ್ನು ಎಡಕ್ಕೆ ಸರಿಸಿದಾಗ ವಿದ್ಯುತ್ತು ಬ್ಯಾಟರಿಯಿಂದ ಫ್ಲ್ಯಾಶರಿಗೆ, ಅಲ್ಲಿಂದ ಸ್ವಿಚ್ಚಿಗೆ, ಸ್ವಿಚ್ಚಿನಿಂದ ಎಡಬದಿಯ ಎರಡು ಬಲ್ಬುಗಳಿಗೆ ಹೋಗುತ್ತದೆ. ಫ್ಲ್ಯಾಶರು ಈ ಹರಿವನ್ನು ಕಡಿದು ಕೂಡಿಸುವುದರಿಂದ ದೀಪ ಮಿನುಗುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಈ ಮಿನುಗು ನಿಮಿಷಕ್ಕೆ 60ಕ್ಕಿಂತ ಕಡಿಮೆಯೂ 120ಕ್ಕಿಂತ ಹೆಚ್ಚೂ ಇರಬಾರದು. ಅಂದರೆ ಸೆಕೆಂಡಿಗೆ ಒಂದರಿಂದ ಎರಡು ಸಲ.

ಅವಸರದ ಕೆಲವರು ಸದಾ ವಿದ್ಯುತ್ತಿರುವ ಒಂದು ವಯರನ್ನು ತಂದು ಎರಡೂ ಬದಿಯ ಇಂಡಿಕೇಟರು ವಯರುಗಳಿಗೆ ಸುತ್ತಿಬಿಡುತ್ತಾರೆ. ದೀಪವೇನೋ ಉರಿಯುತ್ತದೆ. ಆದರೆ ಆ ಬಲ್ಬಿನೊಳಗೆ ಇರುವುದು ಒಂದೇ ತಂತು. ಹೊಸ ವಯರಿನಿಂದ ಅದು ಪೂರ್ತಿ ಉರಿಯುತ್ತಿರುವಾಗ ಫ್ಲ್ಯಾಶರು ಕಡಿದರೂ ಕೂಡಿಸಿದರೂ ವ್ಯತ್ಯಾಸ ಕಾಣಿಸುವುದಿಲ್ಲ. ಅಲ್ಲದೆ ಎಡ ಬಲ ಎಂದು ಬೇರೆಯಾಗಿದ್ದ ಎರಡು ದಾರಿಗಳು ಒಂದಾಗಿಬಿಡುತ್ತವೆ. ಇಂತಹ ಬೈಕಿಗೆ ದೀಪ ಬಂತು, ಮಾತು ಹೋಯಿತು.

ಸರಿಯಾದ ವಿಧಾನ ನಿಮ್ಮ ಮನೆಯ ಬೈಕಿನ ಹಿಂದೆಯೇ ಇದೆ. ಹಳೆಯ ಮಾದರಿಯ ಹಿಂದಿನ ದೀಪದಲ್ಲಿ ಸಾಮಾನ್ಯವಾಗಿ 12 ವೋಲ್ಟಿನ, 21/5 ವ್ಯಾಟಿನ ಬಲ್ಬು ಇರುತ್ತದೆ. ಅದರೊಳಗೆ ಎರಡು ತಂತುಗಳು. 5 ವ್ಯಾಟಿನದು ರಾತ್ರಿಯಿಡೀ ಮಂದವಾಗಿ ಉರಿಯುತ್ತದೆ. ಬ್ರೇಕು ಒತ್ತಿದೊಡನೆ 21 ವ್ಯಾಟಿನದು ಝಗ್ಗನೆ ಹೊತ್ತುತ್ತದೆ. ಮಾನದಂಡದಂತೆ ಮೊದಲನೆಯದು ಕೊಡುವ ಬೆಳಕು 35 ಲ್ಯೂಮೆನ್, ಎರಡನೆಯದು 440 ಲ್ಯೂಮೆನ್. ಲ್ಯೂಮೆನ್ ಎಂದರೆ ಬೆಳಕನ್ನು ಅಳೆಯುವ ಮಾನ. ಹನ್ನೆರಡು ಪಟ್ಟು ಮೀರಿದ ಈ ಅಂತರವೇ ಹಿಂದಿನವನಿಗೆ "ನಿಲ್ಲು" ಎಂದು ಹೇಳುತ್ತದೆ. ಇಂಡಿಕೇಟರಿಗೂ ಇಂಥದೇ ಎರಡು ತಂತಿನ ಬಲ್ಬನ್ನೂ, ಅದಕ್ಕೊಪ್ಪುವ ಹೋಲ್ಡರನ್ನೂ ಹಾಕಿ, ಸಣ್ಣ ತಂತಿಗೆ ಹಿಂದಿನ ದೀಪದ ವಯರಿನಿಂದ ಸಂಪರ್ಕ ಕೊಟ್ಟು, ದೊಡ್ಡ ತಂತಿಗೆ ಇಂಡಿಕೇಟರಿನ ಹಳೆಯ ವಯರನ್ನೇ ಜೋಡಿಸಿದರೆ, ಮಂದ ದೀಪ ಉರಿಯುತ್ತಿರುವಾಗಲೇ ಮಿನುಗು ಎದ್ದು ಕಾಣುತ್ತದೆ. ಎಡ ಬಲಗಳೂ ಬೆರೆಯುವುದಿಲ್ಲ. ಈ ಬಲ್ಬಿನ ಎರಡು ಮೊಳೆಗಳನ್ನು ಬೇರೆ ಬೇರೆ ಎತ್ತರದಲ್ಲಿ ಇಟ್ಟಿರುವುದು ಅದನ್ನು ತಿರುಗುಮುರುಗಾಗಿ ಹಾಕದಿರಲೆಂದೇ.

ಇಷ್ಟಕ್ಕೇ ಮುಗಿಯಲಿಲ್ಲ, ಲೆಕ್ಕವೊಂದು ಉಳಿದಿದೆ. ನಮ್ಮ ದೇಶದ ಬೈಕುಗಳ ಇಂಡಿಕೇಟರಿನಲ್ಲಿ ಸಾಮಾನ್ಯವಾಗಿ 10 ವ್ಯಾಟಿನ ಬಲ್ಬು ಇರುತ್ತದೆ. ಒಂದು ಬದಿಯ ಎರಡು ಬಲ್ಬುಗಳಿಗೆ 20 ವ್ಯಾಟು; 12 ವೋಲ್ಟಿನಿಂದ ಭಾಗಿಸಿದರೆ ಸುಮಾರು 1.7 ಆಂಪಿಯರು. ಎರಡರಲ್ಲೂ 21 ವ್ಯಾಟು ಹಾಕಿದರೆ 3.5 ಆಂಪಿಯರು, ಅಂದರೆ ಎರಡು ಪಟ್ಟು. ಫ್ಲ್ಯಾಶರಿನ ತಾಳ ಅದಕ್ಕೆ ಗೊತ್ತುಮಾಡಿದ ಭಾರವನ್ನು ಅವಲಂಬಿಸಿದ್ದರೆ ಆ ತಾಳ ತಪ್ಪುತ್ತದೆ. 10 ವ್ಯಾಟಿನ ಬಿಸಿಗೆಂದು ಮಾಡಿದ ಪ್ಲಾಸ್ಟಿಕ್ಕಿನ ಗೂಡು 21 ವ್ಯಾಟಿನ ಬಿಸಿಗೆ ಮೆತ್ತಗಾಗಬಹುದು. ನಾಲ್ಕೂ ಮಂದ ದೀಪಗಳು ಸೇರಿ 20 ವ್ಯಾಟು ಬೇಡುತ್ತವೆ. ಇಂಜಿನು ನಿಲ್ಲಿಸಿದ ಮೇಲೂ ಅವು ಉರಿಯುತ್ತಿದ್ದರೆ ಸಣ್ಣ ಬೈಕಿನ ಬ್ಯಾಟರಿ ಕೆಲವೇ ಗಂಟೆಗಳಲ್ಲಿ ಬರಿದಾಗುತ್ತದೆ. ಆದ್ದರಿಂದ ಕೀಲಿ ತೆಗೆದಾಗ ದೀಪ ಆರುವಂತೆ ಜೋಡಣೆ ಇರಬೇಕು. ನಡುವೆ ಫ್ಯೂಸು ಇರಬೇಕು.

ಈಗ ಎಲ್‌ಇಡಿ ಬಂದಿದೆಯಲ್ಲ ಎನ್ನಬಹುದು. ಅದು ಎಳೆಯುವ ವಿದ್ಯುತ್ತು ತೀರ ಕಡಿಮೆ, ಬಿಸಿಯೂ ಕಡಿಮೆ. ಆದರೆ ಹಳೆಯ ಫ್ಲ್ಯಾಶರಿಗೆ ಆ ಅಲ್ಪ ಭಾರ ಸಾಲದೆ, ದೀಪ ಅತಿವೇಗವಾಗಿ ಮಿನುಗಬಹುದು ಅಥವಾ ಮಿನುಗದೆಯೇ ಇರಬಹುದು. ಅದಕ್ಕೆ ಬೇರೆಯೇ ಎಲೆಕ್ಟ್ರಾನಿಕ್ ಫ್ಲ್ಯಾಶರು ಬೇಕು. ಮಂದ ಬೆಳಕೂ ಮಿನುಗೂ ಒಂದೇ ಪ್ರಖರತೆಯಲ್ಲಿದ್ದರೆ ಎಲ್‌ಇಡಿಯಾದರೂ ವ್ಯರ್ಥವೇ. ಆದುದರಿಂದ ಕೆಲವು ಜೋಡಣೆಗಳಲ್ಲಿ, ತಿರುಗುವ ಬದಿಯ ಮಂದ ದೀಪ ಮಿನುಗುವಷ್ಟು ಹೊತ್ತು ತಾನೇ ಆರಿರುವಂತೆ ಮಾಡಿರುತ್ತಾರೆ. ಮೌನವಿದ್ದಲ್ಲಿ ಮಾತು ಕೇಳಿಸುವಂತೆ, ಕತ್ತಲೆಯ ಬದಿಯಲ್ಲಿ ಮಿನುಗು ಚೆನ್ನಾಗಿ ಕಾಣುತ್ತದೆ.

ಹಾಗಾದರೆ ನಾವೂ ಮಾಡಬಹುದೇ? ತಿಳಿಯುವುದು ಬೇರೆ, ಮಾಡುವುದು ಬೇರೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ವಾಹನವನ್ನು ಮನಬಂದಂತೆ ಮಾರ್ಪಡಿಸುವುದಕ್ಕೆ ಕಡಿವಾಣ ಹಾಕಿದೆ. ಅಮೆರಿಕದಲ್ಲಿ ಒಪ್ಪಿತವಾದುದು ಇಲ್ಲಿಯೂ ಒಪ್ಪಿತವೆಂದು ತಿಳಿಯಬಾರದು. ಆರ್.ಟಿ. ಕಚೇರಿಯಲ್ಲಿ ವಿಚಾರಿಸದೆ ಯಾರೂ ವಯರಿಗೆ ಕತ್ತರಿ ಹಾಕದಿರಲಿ. ಇನ್ನು, ಗೇರಿನ ಬೈಕು ಓಡಿಸಲು 18 ವರ್ಷ ತುಂಬಿರಬೇಕು. 2019ರ ತಿದ್ದುಪಡಿಯ ಪ್ರಕಾರ ಪ್ರಾಯಕ್ಕೆ ಬಾರದವರ ತಪ್ಪಿಗೆ ಹೆತ್ತವರು ಅಥವಾ ವಾಹನದ ಮಾಲೀಕರು ಮೂರು ವರ್ಷದವರೆಗಿನ ಸೆರೆಗೂ 25,000 ರೂಪಾಯಿ ದಂಡಕ್ಕೂ ಗುರಿಯಾಗಬಹುದು. ಹೆತ್ತವರು ಇದನ್ನು ಗಮನಿಸಬೇಕೆಂದು ವಿನಂತಿ.

ಕಾಣಿಸಿಕೊಳ್ಳಲು ಬೇರೆ ದಾರಿಗಳಿವೆ. 2017ರ ಏಪ್ರಿಲ್ 1ರಿಂದ ತಯಾರಾಗುವ ದ್ವಿಚಕ್ರ ವಾಹನಗಳಲ್ಲಿ ಇಂಜಿನು ಚಾಲೂ ಇರುವಷ್ಟು ಹೊತ್ತೂ ಮುಂದಿನ ದೀಪ ತಾನಾಗಿ ಉರಿಯುತ್ತದೆ. ಹಗಲಿನಲ್ಲಿ ಅದನ್ನು ಕಂಡು "ಲೈಟು ಆರಿಸಿ" ಎಂದು ಕೈಸನ್ನೆ ಮಾಡಬೇಕಾಗಿಲ್ಲ. ಹಳೆಯ ಬೈಕಿನವರು ಮಳೆಯಲ್ಲಿ ತಾವೇ ದೀಪ ಹಾಕಿಕೊಳ್ಳಲಿ. ಇಂಡಿಕೇಟರಿನ ಗಾಜಿನ ಮೇಲಿನ ಕೆಂಪು ಕೆಸರನ್ನು ಒಂದು ಬಟ್ಟೆಯಿಂದ ಒರೆಸಲಿ. ಸುಟ್ಟ ಬಲ್ಬಿನ ಜಾಗಕ್ಕೆ ಅದೇ ವ್ಯಾಟಿನದನ್ನು ಹಾಕಿಸಲಿ. ತಿರುಗಿದ ಮೇಲೆ ಸ್ವಿಚ್ಚನ್ನು ಮರಳಿಸಲು ಮರೆಯದಿರಲಿ. ಮರೆತು ಮಿನುಗುತ್ತಲೇ ಹೋಗುವ ದೀಪ ಸುಳ್ಳು ಹೇಳುತ್ತದೆ. ಅದನ್ನು ನಂಬಿ ಅಡ್ಡ ಬಂದವರ ಪ್ರಾಣಕ್ಕೆ ಅಪಾಯ.

ಒಂದು ದೀಪಕ್ಕೆ ಎರಡು ಕೆಲಸ ಕೊಡಬಹುದು, ಆದರೆ ಎರಡರ್ಥ ಬರುವಂತೆ ಮಾಡಬಾರದು. ಪದವಾದರೂ ದೀಪವಾದರೂ, ಎದುರಿನವನಿಗೆ ಸರಿಯಾಗಿ ತಿಳಿದರೆ ಮಾತ್ರ ಸಾರ್ಥಕ.